ಟೂರ್ನಮೆಂಟ್ ಸಾಕು, ಬಳ್ಳಾರಿಗೆ ಒಂದು ಫುಟ್‌ಬಾಲ್ ಲೀಗ್ ಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಮಕ್ಕಳು ಗೇಮ್ ಆಡಿ ಹಾಳಾಗುತ್ತಿದ್ದಾರೆ ಅಂತ ನಿಮ್ಮ ಪತ್ರಿಕೆಗೆ ಓದುಗರು ಆಗಾಗ ಬರೆಯುತ್ತಿರುತ್ತಾರೆ. ಅವರ ಸಂಕಟ ನನಗೂ ಗೊತ್ತು, ನಾನೂ ಮಕ್ಕಳೊಂದಿಗನೇ. ಆದರೆ ಎಲ್ಲ ಗೇಮ್‌ಗಳನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಅಂತ ಹೇಳುವುದಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ನಾನು ಕೌಲ್ ಬಜಾರ್ ಕಡೆಯ ಹುಡುಗರ ಒಂದು ಫುಟ್‌ಬಾಲ್ ತಂಡವನ್ನು ಸಂಜೆ ಹೊತ್ತು ನೋಡಿಕೊಳ್ಳುತ್ತೇನೆ. ಈ ಹುಡುಗರು ಒಂದು ಗೇಮ್ ಆಡಿ ಆಡಿ ಒಂದು ಮಾತು ಕಲಿತಿದ್ದಾರೆ. ಅದನ್ನು ನಮ್ಮ ಊರಿನಲ್ಲಿ ಕ್ರೀಡೆ ನಡೆಸುವ ದೊಡ್ಡವರೆಲ್ಲ ಕೇಳಿಸಿಕೊಳ್ಳಬೇಕು. ಫುಟ್‌ಬಾಲ್ ತಂಡ ಬೆಳೆಯುವುದು ಸೀಸನ್‌ನಿಂದ, ಕಪ್‌ನಿಂದ ಅಲ್ಲ. ಬಳ್ಳಾರಿಯಲ್ಲಿ ಕಪ್‌ಗಳಿಗೆ ಬರ ಇಲ್ಲ. ನಮ್ಮ ಹುಡುಗರಿಗೆ ಸಿಗದೇ ಇರುವುದು ಲೀಗ್, ಅಂದರೆ ಮೊದಲೇ ಗೊತ್ತು ಮಾಡಿದ ತಾರೀಖಿನಂತೆ ಎಲ್ಲ ತಂಡಗಳೂ ಎಲ್ಲರ ಜೊತೆ ತಿಂಗಳುಗಟ್ಟಲೆ ಆಡುವ ಸೀಸನ್.

ಮೊದಲು ಆ ಗೇಮ್ ಏನು ಅಂತ ಹೇಳುತ್ತೇನೆ, ಯಾಕೆಂದರೆ ಮನೆಯಲ್ಲಿ ಮಗ ಆಡುತ್ತಿದ್ದರೂ ತುಂಬಾ ಅಪ್ಪ ಅಮ್ಮಂದಿರು ಅದನ್ನು ಸರಿಯಾಗಿ ನೋಡಿರುವುದಿಲ್ಲ. ಹೆಸರು ಫುಟ್‌ಬಾಲ್ ಮ್ಯಾನೇಜರ್. ಇದರಲ್ಲಿ ಬಟನ್ ಒತ್ತಿ ಗೋಲ್ ಹೊಡೆಯುವುದಿಲ್ಲ. ಗುಂಡು ಹಾರಿಸುವುದಿಲ್ಲ. ನೀವು ಒಂದು ಕ್ಲಬ್‌ನ ಮ್ಯಾನೇಜರ್, ಅಷ್ಟೇ. ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು, ವಾರದಲ್ಲಿ ಯಾವ ದಿನ ಜೋರು ಪ್ರಾಕ್ಟೀಸ್, ಯಾವ ದಿನ ಹಗುರ, ಸಂಬಳಕ್ಕೆ ಎಷ್ಟು ದುಡ್ಡು ಉಳಿದಿದೆ, ಗಾಯವಾದವನು ಯಾವಾಗ ವಾಪಸ್ ಬರುತ್ತಾನೆ, ಕಾಂಟ್ರಾಕ್ಟ್ ಮುಗಿಯುತ್ತಿರುವವನನ್ನು ಉಳಿಸಿಕೊಳ್ಳಬೇಕಾ ಬಿಡಬೇಕಾ, ಇದೆಲ್ಲ ನಿಮ್ಮ ತಲೆನೋವು. ಪರದೆಯ ಮೇಲೆ ಜಾಸ್ತಿ ಕಾಣುವುದು ಹೆಸರು ಮತ್ತು ಅಂಕಿ. ದೂರದಿಂದ ನೋಡಿದವರಿಗೆ ಹುಡುಗ ಅಂಗಡಿ ಲೆಕ್ಕ ಬರೆಯುತ್ತಿದ್ದಾನೆ ಅನ್ನಿಸಬೇಕು, ಹಾಗಿರುತ್ತದೆ.

ಇದು ನಿನ್ನೆ ಮೊನ್ನೆ ಬಂದದ್ದಲ್ಲ. ಇಂಗ್ಲೆಂಡಿನ ಕೆವಿನ್ ಟಾಮ್ಸ್ ಅನ್ನುವವರು 1982ರಲ್ಲೇ ಇದೇ ಹೆಸರಿನ ಗೇಮ್ ಮಾಡಿದ್ದರು. ಈಗಿನ ಗೇಮ್‌ನ ಬೇರು ಬೇರೆ. ಪಾಲ್ ಕಾಲಿಯರ್, ಆಲಿವರ್ ಕಾಲಿಯರ್ ಅನ್ನುವ ಅಣ್ಣ ತಮ್ಮ ಸೇರಿ ಮಾಡಿದ ಚಾಂಪಿಯನ್‌ಶಿಪ್ ಮ್ಯಾನೇಜರ್ 1992ರಲ್ಲಿ ಬಂತು, ಮುಂದೆ ಅವರ ಕಂಪನಿಯೇ 2004ರಿಂದ ಫುಟ್‌ಬಾಲ್ ಮ್ಯಾನೇಜರ್ ಅನ್ನುವ ಹೆಸರಿನಲ್ಲಿ ಅದನ್ನು ಮುಂದುವರಿಸಿತು. ಒಬ್ಬೊಬ್ಬ ಆಟಗಾರನಿಗೂ ವೇಗ, ಪಾಸ್, ತಲೆಯಿಂದ ಹೊಡೆಯುವುದು, ಧೈರ್ಯ, ತಂಡಕ್ಕಾಗಿ ದುಡಿಯುವುದು ಅಂತ 1ರಿಂದ 20ರ ತನಕ ಅಂಕ ಇರುತ್ತದೆ. ಈ ಅಂಕ ಸುಮ್ನೆ ಕೊಟ್ಟಿದ್ದಲ್ಲ. ಬೇರೆ ಬೇರೆ ದೇಶಗಳಲ್ಲಿ ಸಾವಿರಕ್ಕೂ ಹೆಚ್ಚು ಜನ ಮೈದಾನಕ್ಕೆ ಹೋಗಿ ಮ್ಯಾಚ್ ನೋಡಿ ಮಾಹಿತಿ ಕಳಿಸುತ್ತಾರೆ. ಇಂಗ್ಲೆಂಡಿನ ಎವರ್ಟನ್ ಕ್ಲಬ್ 2008ರಲ್ಲಿ ಆಟಗಾರರನ್ನು ಹುಡುಕುವುದಕ್ಕೆ ಈ ಗೇಮ್‌ನ ಮಾಹಿತಿಯನ್ನೇ ಬಳಸುವ ಒಪ್ಪಂದ ಮಾಡಿಕೊಂಡಿತ್ತು. ಅಷ್ಟು ನಂಬಿಕೆ.

ಆದರೆ ನಮ್ಮ ಹುಡುಗರನ್ನು ಹಿಡಿದು ಕೂರಿಸುವುದು ಈ ಅಂಕಿಗಳಲ್ಲ. ಅದರಲ್ಲಿರುವ ಕ್ಯಾಲೆಂಡರ್. ನೀವು ಕ್ಲಬ್ ಆರಿಸಿಕೊಂಡ ಸ್ವಲ್ಪ ಹೊತ್ತಿಗೆ ಇಡೀ ವರ್ಷದ ಪಟ್ಟಿ ಕೈಗೆ ಬರುತ್ತದೆ. ಇಂಗ್ಲೆಂಡಿನ ಎಲ್ಲಕ್ಕಿಂತ ಮೇಲಿನ ಪ್ರೀಮಿಯರ್ ಲೀಗ್ ಆದರೆ 20 ತಂಡ, ಒಂದೊಂದು ತಂಡಕ್ಕೆ 38 ಮ್ಯಾಚ್. ಅದರ ಕೆಳಗಿನ ಮಟ್ಟದ ಮೂರು ಲೀಗ್‌ಗಳಲ್ಲಿ, ಅಂದರೆ ಡಿವಿಷನ್‌ಗಳಲ್ಲಿ, ಒಂದೊಂದರಲ್ಲೂ 24 ತಂಡ, 46 ಮ್ಯಾಚ್. ಯಾವ ಶನಿವಾರ ಯಾರ ಊರಿನಲ್ಲಿ ಆಟ, ಯಾವ ಮಂಗಳವಾರ ರಾತ್ರಿ ಆಟ, ಎಲ್ಲಿ ಒಂದು ವಾರದಲ್ಲಿ ಮೂರು ಮ್ಯಾಚ್ ಬೀಳುತ್ತದೆ, ಎಲ್ಲ ಮೊದಲೇ ಗೊತ್ತು. ಆ ಪಟ್ಟಿ ಇದ್ದರೆ ತಾನೇ ನೀವು ಯೋಚನೆ ಮಾಡುವುದು? ಡಿಸೆಂಬರ್‌ನಲ್ಲಿ ಮ್ಯಾಚ್ ಜಾಸ್ತಿ ಇದೆ, ಈ ಹುಡುಗನನ್ನು ನವೆಂಬರ್‌ನಲ್ಲಿ ಸ್ವಲ್ಪ ಉಳಿಸಿಕೊಳ್ಳೋಣ ಅಂತ ಹದಿನೇಳು ವರ್ಷದ ಹುಡುಗ ಲೆಕ್ಕ ಹಾಕುತ್ತಾನೆ. ಐದು ಮ್ಯಾಚ್ ಸತತವಾಗಿ ಸೋತರೂ ಆರನೇ ಮ್ಯಾಚ್ ಇದ್ದೇ ಇರುತ್ತದೆ, ಅಲ್ವಾ? ಏನು ತಪ್ಪಾಯಿತು ಅಂತ ನೋಡಿ ಮುಂದಿನ ಶನಿವಾರಕ್ಕೆ ಸರಿ ಮಾಡಿಕೊಳ್ಳಬೇಕು. ಇದನ್ನೇ ನಾನು ಕಲಿಕೆ ಅನ್ನುವುದು.

ನಮ್ಮ ತಂಡದ ಒಬ್ಬ ಹುಡುಗನ ಪುಸ್ತಕದ ಬಗ್ಗೆ ಹೇಳಲೇಬೇಕು. ಹೆಸರು ಬೇಡ. ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಓವರ್‌ಲಾಕ್ ಮಷಿನ್ ಮೇಲೆ ಕೂರುತ್ತಾನೆ, ಪೀಸ್ ಲೆಕ್ಕದ ಸಂಬಳ. ಕೆಲಸದಲ್ಲಿ ಪೀಸ್ ಲೆಕ್ಕ ಬರೆಯುವ ಉದ್ದನೆಯ ಪುಸ್ತಕ ಇರುತ್ತದಲ್ಲ, ಅಂಥದ್ದೇ ಒಂದನ್ನು ಕೊಂಡು ಅದರಲ್ಲಿ ನಮ್ಮ ತಂಡದ ಎಲ್ಲರ ಹೆಸರು ಬರೆದು, ಗೇಮ್‌ನಲ್ಲಿ ಇರುವ ಹಾಗೆಯೇ 20ಕ್ಕೆ ಅಂಕ ಹಾಕಿದ್ದಾನೆ. ಗೋಲ್‌ಕೀಪರ್ ಮುಂದೆ "ಹೈ ಬಾಲ್ 7, ಧೈರ್ಯ 17". ಲೆಫ್ಟ್ ಬ್ಯಾಕ್ ಮುಂದೆ "ಪಾಸ್ 12, ಮಾತು ಕೇಳಲ್ಲ". ಪೆನ್ಸಿಲ್‌ನಲ್ಲಿ ಬರೆಯುತ್ತಾನೆ, ತಿಂಗಳಿಗೊಮ್ಮೆ ಅಳಿಸಿ ಹೊಸದು ಹಾಕುತ್ತಾನೆ, ಹಾಗಾಗಿ ಹಾಳೆ ಅಲ್ಲಲ್ಲಿ ತೆಳ್ಳಗಾಗಿದೆ. ಒಬ್ಬನ ಹೆಸರಿನ ಪಕ್ಕದಲ್ಲಿ "ನೈಟ್ ಶಿಫ್ಟ್ ಆದ್ರೆ ದಮ್ಮು 13ರಿಂದ 9" ಅಂತ ಬರೆದಿದ್ದಾನೆ. ನಾನು ಇಷ್ಟು ವರ್ಷ ತಂಡ ನೋಡಿಕೊಂಡರೂ ಯಾರ ದಮ್ಮು ಯಾವ ಶಿಫ್ಟ್‌ಗೆ ಎಷ್ಟು ಇಳಿಯುತ್ತದೆ ಅಂತ ಹೀಗೆ ಬರೆದಿಟ್ಟವರನ್ನು ಕಂಡಿರಲಿಲ್ಲ. ದಮ್ಮು ಇಳಿಯುವ ಆ ಹುಡುಗನನ್ನು ನಾವು ವಾಷಿಂಗ್ ಯೂನಿಟ್‌ನ ರಾತ್ರಿ ಪಾಳಿ ಇರುವ ವಾರ ಸೆಕೆಂಡ್ ಹಾಫ್‌ನಲ್ಲಿ ಮಾತ್ರ ಇಳಿಸುತ್ತೇವೆ. ಆಟ ಸುಧಾರಿಸಿದೆ.

ಅದೇ ಪುಸ್ತಕದ ಹಿಂದಿನ ಹಾಳೆಗಳಲ್ಲಿ "ಮ್ಯಾಚ್" ಅಂತ ತಲೆಬರಹ ಹಾಕಿ, ಸ್ಕೇಲ್ ಇಟ್ಟು ಗೆರೆ ಎಳೆದು, ತಾರೀಖು, ಎದುರಾಳಿ, ಗೋಲ್, ಅಂಕ ಅಂತ ಕಾಲಂ ಮಾಡಿದ್ದಾನೆ. ಇಡೀ ಹಾಳೆ. ಅದರಲ್ಲಿ ತುಂಬಿರುವುದು ಮೇಲಿನ ಮೂರೇ ಸಾಲು. ಮೂರು ಟೂರ್ನಮೆಂಟ್, ಮೂರರಲ್ಲೂ ಮೊದಲ ಮ್ಯಾಚ್‌ನಲ್ಲೇ ಔಟ್. ಅವನ ವರ್ಷ ಅಷ್ಟಕ್ಕೇ ಮುಗಿಯಿತು.

ಸಂಪಾದಕರೇ, ನಮ್ಮ ಕಡೆಯ ಟೂರ್ನಮೆಂಟ್ ಹೇಗೆ ನಡೆಯುತ್ತದೆ ಅಂತ ನಿಮ್ಮ ವರದಿಗಾರರಿಗೆ ಚೆನ್ನಾಗಿ ಗೊತ್ತು. ಒಂದು ವಾರ ಮುಂಚೆ ವಾಟ್ಸಾಪ್‌ನಲ್ಲಿ ಪೋಸ್ಟರ್ ಬರುತ್ತದೆ. ಎಂಟ್ರಿ ಫೀ ಕಟ್ಟಬೇಕು. ಬೆಳಿಗ್ಗೆ ಏಳಕ್ಕೆ ಬನ್ನಿ ಅನ್ನುತ್ತಾರೆ, ಅತಿಥಿಗಳು ಬಂದು ಹಾರ ಶಾಲು ಮುಗಿಯುವ ಹೊತ್ತಿಗೆ ಹತ್ತೂವರೆ, ಬಿಸಿಲು ನೆತ್ತಿಗೆ ಬಂದಿರುತ್ತದೆ. ತಂಡಗಳು ಜಾಸ್ತಿ ಅಂತ ಹಾಫ್ ಅನ್ನು ಇಪ್ಪತ್ತು ನಿಮಿಷಕ್ಕೆ ಇಳಿಸುತ್ತಾರೆ. ಎರಡು ತಿಂಗಳು ಪ್ರಾಕ್ಟೀಸ್ ಮಾಡಿದ ತಂಡ ನಲವತ್ತು ನಿಮಿಷದಲ್ಲಿ ಮನೆಗೆ. ನಮ್ಮ ತಂಡ ಹೋದ ಸಲ ಹೋದ ಕಡೆ ಪೆನಾಲ್ಟಿ ಕೊಟ್ಟಿದ್ದು ಸರಿಯಾ ತಪ್ಪಾ ಅಂತ ಎರಡು ಕಡೆಯವರೂ ಜಗಳಕ್ಕೆ ನಿಂತರು, ಕೈ ಕೈ ಮಿಲಾಯಿಸುವ ತನಕ ಹೋಯಿತು. ನಡೆಸಿದವರ ಹೆಸರು ಹೇಳುವುದಿಲ್ಲ, ಅವರು ಕೈಯಿಂದ ದುಡ್ಡು ಹಾಕಿ ನಡೆಸಿದವರು, ಆ ಗೌರವ ಇದೆ. ನಾನು ಕೇಳುತ್ತಿರುವುದು ಬೇರೆ. ಒಂದೇ ತಪ್ಪಿಗೆ ವರ್ಷವೇ ಹೋಗುತ್ತದೆ ಅಂತ ಗೊತ್ತಿದ್ದಾಗ ಹುಡುಗರು ರೊಚ್ಚಿಗೇಳದೆ ಇನ್ನೇನು ಮಾಡುತ್ತಾರೆ? ಮುಂದಿನ ಭಾನುವಾರ ಮತ್ತೊಂದು ಮ್ಯಾಚ್ ಇದೆ ಅಂತಿದ್ದರೆ ಅರ್ಧ ಜಗಳ ಅಲ್ಲೇ ತಣ್ಣಗಾಗುತ್ತದೆ.

ಲೆಕ್ಕ ಹಾಕಿ ನೋಡಿ. ಒಮ್ಮೆ ಸೋತರೆ ಔಟ್ ಅನ್ನುವ ನಾಕೌಟ್‌ನಲ್ಲಿ 16 ತಂಡ ಇದ್ದರೆ ಒಟ್ಟು 15 ಮ್ಯಾಚ್. ಅದರಲ್ಲಿ 8 ತಂಡ ಒಂದೇ ಮ್ಯಾಚ್ ಆಡಿ ವಾಪಸ್. ಕಪ್ ಗೆದ್ದ ತಂಡಕ್ಕೂ ಸಿಗುವುದು 4 ಮ್ಯಾಚ್. ಅಂದರೆ ಯಾರಿಗೆ ಆಟ ಜಾಸ್ತಿ ಬೇಕೋ, ಯಾರು ಇನ್ನೂ ಕಲಿಯಬೇಕೋ, ಅವರನ್ನೇ ಮೊದಲು ಮನೆಗೆ ಕಳಿಸುವ ವ್ಯವಸ್ಥೆ ಇದು. ಎಸ್ಸೆಸ್ಸೆಲ್ಸಿಯಲ್ಲಿ ಮೊದಲ ಪೇಪರ್ ಸರಿಯಾಗಿ ಬರೆಯದವನಿಗೆ ಉಳಿದ ಪರೀಕ್ಷೆಗೆ ಬರಬೇಡ ಅಂದ ಹಾಗೆ. ಈಗ ಬರೀ 8 ತಂಡ ತಗೊಳ್ಳಿ. ಎಲ್ಲರೂ ಎಲ್ಲರ ಜೊತೆ ಎರಡೆರಡು ಸಲ ಆಡಿದರೆ ಒಟ್ಟು 56 ಮ್ಯಾಚ್, ಒಂದೊಂದು ತಂಡಕ್ಕೆ 14. ಕೊನೆಯ ಸ್ಥಾನದ ತಂಡಕ್ಕೂ 14. 14 ಭಾನುವಾರ ಸಾಕು.

ಲೀಗ್ ಅನ್ನುವ ಯೋಚನೆ ಹುಟ್ಟಿದ್ದೇ ಇಂಥ ಬೇಸರದಿಂದ. 1888ರಲ್ಲಿ ಇಂಗ್ಲೆಂಡಿನ ಕ್ಲಬ್‌ಗಳ ಪರಿಸ್ಥಿತಿ ನಮ್ಮ ಹಾಗೆಯೇ ಇತ್ತು. ಆಟಗಾರರಿಗೆ ಸಂಬಳ ಕೊಡುವುದಕ್ಕೆ ಅನುಮತಿ ಸಿಕ್ಕು ಮೂರು ವರ್ಷ ಆಗಿತ್ತು, ಆದರೆ ಮ್ಯಾಚ್‌ಗಳಿಗೆ ಗ್ಯಾರಂಟಿ ಇರಲಿಲ್ಲ. ಕಪ್ ಪಂದ್ಯದಲ್ಲಿ ಸೋತರೆ ಮುಂದಿನ ಶನಿವಾರ ಖಾಲಿ. ಸ್ನೇಹಪಂದ್ಯ ಇಟ್ಟುಕೊಂಡರೆ ಎದುರಿನ ತಂಡ ಬೇರೆ ಕಡೆ ಕಪ್ ಮ್ಯಾಚ್ ಬಂತು ಅಂತ ಕೈಕೊಡುತ್ತಿತ್ತು. ನೋಡುವುದಕ್ಕೆ ಬಂದ ಜನ ಬೈದುಕೊಂಡು ವಾಪಸ್ ಹೋಗುತ್ತಿದ್ದರು. ಆಗ ಆಸ್ಟನ್ ವಿಲ್ಲಾ ಕ್ಲಬ್‌ನ ಆಡಳಿತದಲ್ಲಿದ್ದ ವಿಲಿಯಂ ಮೆಕ್‌ಗ್ರೆಗರ್ ಅನ್ನುವವರು 1888ರ ಮಾರ್ಚ್ 2ರಂದು ಕೆಲವು ಕ್ಲಬ್‌ಗಳಿಗೆ ಒಂದು ಪತ್ರ ಬರೆದರು. ಹತ್ತು ಹನ್ನೆರಡು ಕ್ಲಬ್ ಸೇರೋಣ, ಪ್ರತಿಯೊಬ್ಬರೂ ಇನ್ನೊಬ್ಬರ ಊರಿಗೆ ಹೋಗಿ ಆಡೋಣ, ತಾರೀಖು ಮೊದಲೇ ಗೊತ್ತು ಮಾಡಿಕೊಳ್ಳೋಣ ಅನ್ನುವುದು ಅದರ ಸಾರ. ಈ ಮೆಕ್‌ಗ್ರೆಗರ್ ಏನು ರಾಜ ಮನೆತನದವರಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದವರು. ಬಟ್ಟೆಯಿಂದಲೇ ಇಷ್ಟು ಮನೆಗಳಲ್ಲಿ ಒಲೆ ಉರಿಯುವ ನಮ್ಮ ಬಳ್ಳಾರಿಯಲ್ಲಿ ಈ ಮಾತು ಹೇಳುವಾಗ ನನಗೆ ಖುಷಿಯಾಗುತ್ತದೆ.

ಅದೇ ವರ್ಷ ಸೆಪ್ಟೆಂಬರ್ 8ಕ್ಕೆ 12 ಕ್ಲಬ್‌ಗಳ ಲೀಗ್ ಶುರುವಾಯಿತು. ಪತ್ರ ಬರೆದು ಆರು ತಿಂಗಳು ಅಷ್ಟೇ. ಗೆದ್ದರೆ ಎಷ್ಟು ಅಂಕ, ಡ್ರಾ ಆದರೆ ಎಷ್ಟು ಅನ್ನುವುದನ್ನು ಕೂಡ ಅವರು ತೀರ್ಮಾನ ಮಾಡಿದ್ದು ಸೀಸನ್ ಶುರುವಾದ ಮೇಲೆ! ಗೆದ್ದರೆ 2, ಡ್ರಾಗೆ 1 ಅಂತ ನವೆಂಬರ್‌ನಲ್ಲಿ ಗೊತ್ತುಮಾಡಿದರು. ಪ್ರೆಸ್ಟನ್ ತಂಡ 22 ಮ್ಯಾಚ್‌ನಲ್ಲಿ ಒಂದೂ ಸೋಲದೆ ಮೊದಲ ಚಾಂಪಿಯನ್ ಆಯಿತು. ನಮ್ಮಲ್ಲಿ ಯಾವುದೇ ಮಾತು ತೆಗೆದರೂ "ಮೊದಲು ಒಳ್ಳೆ ಗ್ರೌಂಡ್ ಆಗಲಿ, ಫ್ಲಡ್‌ಲೈಟ್ ಬರಲಿ, ಸ್ಪಾನ್ಸರ್ ಸಿಗಲಿ, ಆಮೇಲೆ ನೋಡೋಣ" ಅನ್ನುತ್ತಾರಲ್ಲ, ಅವರಿಗೆ ಇದನ್ನು ತೋರಿಸಬೇಕು. ಅಷ್ಟು ದೂರ ಯಾಕೆ, ಕೋಲ್ಕತ್ತಾದಲ್ಲಿ 1898ರಲ್ಲೇ ಲೀಗ್ ಶುರುವಾಗಿ ಈಗಲೂ ಇದೆ. ಬೆಂಗಳೂರಿನಲ್ಲಿ ಡಿವಿಷನ್ ಲೀಗ್‌ಗಳಿವೆ. ಕರ್ನಾಟಕ ತಂಡ 2023ರ ಮಾರ್ಚ್‌ನಲ್ಲಿ ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷದ ನಂತರ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಾಗ ನಾವೆಲ್ಲ ಸಿಹಿ ಹಂಚಿದೆವು. ಆ ಮಟ್ಟಕ್ಕೆ ಹೋಗುವ ಹುಡುಗ ವಾರವಾರ ಮ್ಯಾಚ್ ಆಡಿಯೇ ಹೋಗಬೇಕು. ಬಳ್ಳಾರಿ ಹುಡುಗ ಎಲ್ಲಿ ಆಡಬೇಕು?

ಹುಡುಗರು ನನಗೆ ಹೇಳಿದ ಎರಡು ಕಥೆ ಬರೆಯುತ್ತೇನೆ, ಎರಡೂ ಲೆಸ್ಟರ್ ಸಿಟಿ ಕ್ಲಬ್‌ನವು. 2014–15ರ ಪ್ರೀಮಿಯರ್ ಲೀಗ್‌ನಲ್ಲಿ ಈ ತಂಡ ಕ್ರಿಸ್‌ಮಸ್ ಹೊತ್ತಿಗೆ ಪಟ್ಟಿಯ ತಳದಲ್ಲಿತ್ತು. ಏಪ್ರಿಲ್ ಬಂದರೂ ತಳದಲ್ಲೇ. ಆಮೇಲೆ ಕೊನೆಯ 9 ಮ್ಯಾಚ್‌ನಲ್ಲಿ 7 ಗೆದ್ದು 14ನೇ ಸ್ಥಾನಕ್ಕೆ ಬಂದು, ಕೆಳಗಿನ ಡಿವಿಷನ್‌ಗೆ ಬೀಳದೆ ಉಳಿದುಕೊಂಡಿತು. ಮುಂದಿನ ವರ್ಷ, 2015–16ರಲ್ಲಿ, 81 ಅಂಕ ತಗೊಂಡು ಚಾಂಪಿಯನ್. ಸೋಲುತ್ತಾ ಸೋಲುತ್ತಾ ಒಂದು ತಂಡ ಗಟ್ಟಿಯಾಗುವುದಕ್ಕೆ ಅಷ್ಟು ತಿಂಗಳು ಅಷ್ಟು ಮ್ಯಾಚ್ ಸಿಕ್ಕಿತು ಅನ್ನುವುದೇ ನನಗೆ ಮುಖ್ಯ. ನಾಕೌಟ್ ಆಗಿದ್ದರೆ ಆ ತಂಡದ ಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ.

ಇನ್ನೊಂದು ಅದೇ ತಂಡದ ಜೇಮಿ ವಾರ್ಡಿಯದು. ಶೆಫೀಲ್ಡ್ ವೆನ್ಸ್‌ಡೇ ಕ್ಲಬ್ ಅವನನ್ನು ಹದಿನಾರರ ವಯಸ್ಸಿಗೇ ಬೇಡ ಅಂದಿತ್ತು. ಕೈಕಾಲು ಪೆಟ್ಟಾದವರಿಗೆ ಕಟ್ಟುವ ಸ್ಪ್ಲಿಂಟ್ ತಯಾರಿಸುವ ಕಾರ್ಖಾನೆಯಲ್ಲಿ ದುಡಿಯುತ್ತಾ, ಸ್ಟಾಕ್ಸ್‌ಬ್ರಿಡ್ಜ್ ಅನ್ನುವ ಚಿಕ್ಕ ಊರಿನ ಕ್ಲಬ್‌ಗೆ ಆಡುತ್ತಿದ್ದ. ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿ 2012ರಲ್ಲಿ, 25ನೇ ವಯಸ್ಸಿಗೆ, ಲೆಸ್ಟರ್‌ಗೆ ಬಂದ. ಚಾಂಪಿಯನ್ ಆದ ವರ್ಷ 24 ಗೋಲ್ ಹೊಡೆದ. ನಮ್ಮ ಜೀನ್ಸ್ ಯೂನಿಟ್‌ಗಳಲ್ಲಿ, ಗ್ಯಾರೇಜ್‌ಗಳಲ್ಲಿ, ಸ್ಪಾಂಜ್ ಐರನ್ ಫ್ಯಾಕ್ಟರಿಗಳಲ್ಲಿ ದುಡಿಯುವ ಹುಡುಗರಿಗೆ ಈ ಕಥೆ ಬಾಯಿಪಾಠ. ಅವನು ಕಾರ್ಖಾನೆ ಬಿಟ್ಟು ಆಡಲಿಲ್ಲ. ಕಾರ್ಖಾನೆಯಲ್ಲಿ ದುಡಿಯುವವನೂ ಆಡುವುದಕ್ಕೆ ಅಷ್ಟು ಕೆಳಗಿನ ಮಟ್ಟದಲ್ಲೂ ಒಂದು ಲೀಗ್ ಇತ್ತು, ಅದರಲ್ಲಿ ಗೋಲ್ ಹೊಡೆದರೆ ಮೇಲಿನವರು ಬಂದು ನೋಡುತ್ತಿದ್ದರು. ನಮ್ಮವರಿಗೂ ಅಂಥ ಒಂದು ಕೆಳಗಿನ ಮೆಟ್ಟಿಲು ಹಾಕಿಕೊಡಿ ಅಂತ ಕೇಳುತ್ತಿದ್ದೇನೆ.

ತಾರೀಖು ಇಲ್ಲದ ಫುಟ್‌ಬಾಲ್ ಹೇಗಿರುತ್ತದೆ ಅನ್ನುವುದನ್ನು ದೇಶವೇ ನೋಡಿತು. 2025ರ ಏಪ್ರಿಲ್‌ನಲ್ಲಿ ನಮ್ಮ ಬೆಂಗಳೂರು ಎಫ್‌ಸಿ ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಆದ ಐಎಸ್‌ಎಲ್‌ನ ಫೈನಲ್ ಆಡಿತ್ತು, ಮೋಹನ್ ಬಾಗಾನ್ ಎದುರು ಎಕ್ಸ್‌ಟ್ರಾ ಟೈಮ್‌ನಲ್ಲಿ 2–1ರಿಂದ ಸೋತಿತು. ಬೇಜಾರಾದರೂ ಮುಂದಿನ ಸೀಸನ್ ಇದೆಯಲ್ಲ ಅಂದುಕೊಂಡೆವು. ಜುಲೈನಲ್ಲಿ ನೋಡಿದರೆ ಮುಂದಿನ ಸೀಸನ್ನೇ ಇಲ್ಲ. ಫುಟ್‌ಬಾಲ್ ಫೆಡರೇಷನ್‌ಗೂ ಲೀಗ್ ನಡೆಸುವ ಕಂಪನಿಗೂ ಇದ್ದ 15 ವರ್ಷದ ಒಪ್ಪಂದ ಡಿಸೆಂಬರ್‌ಗೆ ಮುಗಿಯುತ್ತದೆ, ಹೊಸದು ಆಗಿಲ್ಲ, ಹಾಗಾಗಿ ಸದ್ಯಕ್ಕೆ ನಿಲ್ಲಿಸಿದ್ದೇವೆ ಅಂದರು. ಕ್ಲಬ್‌ಗಳು ಆಟಗಾರರ ಸಂಬಳ ತಡೆಹಿಡಿದವು. ವಿಷಯ ಸುಪ್ರೀಂ ಕೋರ್ಟ್ ತನಕ ಹೋಯಿತು. ಟೆಂಡರ್ ಕರೆದರೆ ಯಾರೂ ಬರಲಿಲ್ಲ. ಕೊನೆಗೆ 2026ರ ಜನವರಿಯಲ್ಲಿ ಕೇಂದ್ರ ಕ್ರೀಡಾ ಸಚಿವರು, ಫೆಬ್ರವರಿ 14ರಿಂದ ಶುರು, 14 ತಂಡ, ಒಬ್ಬರ ಜೊತೆ ಒಂದೇ ಸಲ ಆಟ, ಒಟ್ಟು 91 ಮ್ಯಾಚ್ ಅಂತ ಪ್ರಕಟಿಸಿದರು. ಹಿಂದಿನ ಸೀಸನ್‌ನಲ್ಲಿ ತಂಡಕ್ಕೆ 24 ಮ್ಯಾಚ್ ಇತ್ತು, ಇದರಲ್ಲಿ 13. ಒಬ್ಬ ಫುಟ್‌ಬಾಲ್ ಆಟಗಾರನ ಒಳ್ಳೆ ವರ್ಷಗಳು ಹತ್ತೋ ಹನ್ನೆರಡೋ. ಅದರಲ್ಲಿ ಅರ್ಧ ವರ್ಷ ಸುಮ್ನೆ ಹೋಯಿತು.

ಅದೇ 2025ರಲ್ಲಿ ಗೇಮ್‌ನವರೂ ಒಂದು ಸೀಸನ್ ಬಿಟ್ಟರು. ಪ್ರತಿ ವರ್ಷ ಬರುವ ಗೇಮ್ ಎರಡು ಸಲ ಮುಂದೆ ಹೋಗಿ, ಫೆಬ್ರವರಿಯಲ್ಲಿ ಈ ಸಲದ್ದು ಬರುವುದೇ ಇಲ್ಲ, ನಾವು ಅಂದುಕೊಂಡ ಮಟ್ಟಕ್ಕೆ ಬಂದಿಲ್ಲ, ಮುಂಗಡ ಕೊಟ್ಟವರಿಗೆ ದುಡ್ಡು ವಾಪಸ್ ಅಂತ ಹೇಳಿದರು. ಹುಡುಗರಿಗೆ ಬೇಸರವಾಯಿತು. ಆದರೆ ಮುಂದಿನದಕ್ಕೆ ತಾರೀಖು ಕೊಟ್ಟರು, ಅದರಂತೆ ನವೆಂಬರ್ 4ಕ್ಕೆ ಫುಟ್‌ಬಾಲ್ ಮ್ಯಾನೇಜರ್ 26 ಬಂತು. ಅವತ್ತಿಗೆ ನಮ್ಮ ಐಎಸ್‌ಎಲ್‌ಗೆ ಇನ್ನೂ ತಾರೀಖು ಇರಲಿಲ್ಲ. ಆಗ ಒಬ್ಬ ಹುಡುಗ ಗ್ರೌಂಡ್‌ನಲ್ಲಿ ಶೂ ಲೇಸ್ ಕಟ್ಟುತ್ತಾ, "ಅಣ್ಣಾ, ಲ್ಯಾಪ್‌ಟಾಪ್ ಒಳಗೆ ಎಲ್ಲರ ಲೀಗೂ ನಡೀತಿದೆ, ಹೊರಗೆ ನಮ್ಮದೊಂದೇ ನಿಂತಿದೆ" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ದುಡ್ಡು ಕಟ್ಟಿ ತಂಡ ಮಾಡಿ ಗೆದ್ದರೆ ಕೋಟಿ ಅನ್ನುವ ಆ್ಯಪ್‌ಗಳೇ ಬೇರೆ, ಇದೇ ಬೇರೆ. ಆ ದುಡ್ಡಿನ ಆಟಗಳಿಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧ ಹಾಕಿತು, ಒಳ್ಳೆಯದೇ ಆಯಿತು, ಅದರಲ್ಲಿ ಸಂಬಳ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಮ್ಯಾನೇಜರ್ ಗೇಮ್‌ನಲ್ಲಿ ಬಾಜಿ ಇಲ್ಲ, ಗೆದ್ದರೆ ಒಂದು ಪೈಸೆ ಬರುವುದಿಲ್ಲ. ಆದರೆ "ಇನ್ನೊಂದೇ ಮ್ಯಾಚ್" ಅಂತ ರಾತ್ರಿ ಎರಡು ಗಂಟೆ ತನಕ ಕೂರಿಸುವ ಗುಣ ಇದಕ್ಕೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ತಂಡದಲ್ಲಿ ಹನ್ನೊಂದಾದ ಮೇಲೆ ಗೇಮ್ ಆಡಿದವನಿಗೆ ಬೆಳಿಗ್ಗೆ ಎರಡು ರೌಂಡ್ ಜಾಸ್ತಿ ಓಟ. ಈ ನಿಯಮ ಮಾಡಿದವರು ಹುಡುಗರೇ. ಪರದೆಯಲ್ಲಿ ನಡೆಸುವ ಸೀಸನ್ ಮೈದಾನದಲ್ಲೂ ಸಿಕ್ಕರೆ ಪರದೆಯ ಮುಂದೆ ಕೂರುವ ಹೊತ್ತು ತಾನಾಗಿ ಕಡಿಮೆಯಾಗುತ್ತದೆ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಈಗ ಕೆಲಸದ ಮಾತಿಗೆ ಬರುತ್ತೇನೆ. 8 ತಂಡ ಸಾಕು. ಬಳ್ಳಾರಿ ನಗರದಿಂದ ನಾಲ್ಕೋ ಐದೋ, ಉಳಿದದ್ದು ಸಂಡೂರು, ತೋರಣಗಲ್ಲು, ಕಂಪ್ಲಿ, ಸಿರುಗುಪ್ಪ, ಕುರುಗೋಡು ಕಡೆಯಿಂದ. ಎಲ್ಲ ಬಸ್ಸಿನಲ್ಲಿ ಬೆಳಿಗ್ಗೆ ಹೊರಟು ಸಂಜೆ ವಾಪಸ್ ಬರುವ ದೂರ. ಹೋಗಿ ಬಂದು ಆಡಬೇಕು, ಎಲ್ಲ ಮ್ಯಾಚ್ ನಗರದಲ್ಲೇ ಅಂದರೆ ಆಗದು. ಕುರುಗೋಡಿನ ಹುಡುಗ ತನ್ನ ಊರಿನ ಜನರ ಮುಂದೆ ಆಡಬೇಕು, ಅವನ ಅವ್ವ ಬಂದು ನೋಡಬೇಕು. ಸೀಸನ್ ಜುಲೈನಲ್ಲಿ ಶುರುವಾಗಿ ಜನವರಿಗೆ ಮುಗಿಯಲಿ. ಮಾರ್ಚ್‌ನಲ್ಲಿ ಪರೀಕ್ಷೆ, ಏಪ್ರಿಲ್ ಮೇನಲ್ಲಿ ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ, ಆಗ ಮಕ್ಕಳನ್ನು ಆಡಿಸುವುದು ತಪ್ಪು. ಮಳೆ ನಮ್ಮಲ್ಲಿ ಅಷ್ಟೇನೂ ಜಾಸ್ತಿ ಇಲ್ಲ, ಆದರೆ ಸೆಪ್ಟೆಂಬರ್‌ನಲ್ಲಿ ಒಂದು ಜೋರು ಮಳೆ ಬಿದ್ದರೆ ಸಿರುಗುಪ್ಪ ಕಡೆಯ ಎರೆಮಣ್ಣು ಶೂಗೆ ಸೇರಿನಷ್ಟು ಅಂಟುತ್ತದೆ, ಕಾಲೇ ಏಳುವುದಿಲ್ಲ. ಅಂಥ ವಾರಕ್ಕೆ ಅಂತ ನಾಲ್ಕು ಭಾನುವಾರ ಖಾಲಿ ಇಡಬೇಕು. ದಸರಾಕ್ಕೆ, ದೀಪಾವಳಿಗೆ ಬಿಡುವು. ಯೂನಿಟ್‌ಗಳಲ್ಲಿ ಹಬ್ಬದ ಮುಂಚೆ ಆರ್ಡರ್ ಜಾಸ್ತಿ ಇರುತ್ತದೆ, ಆ ವಾರಗಳನ್ನು ಮಾಲೀಕರನ್ನು ಕೇಳಿಯೇ ಗುರುತು ಹಾಕಿಕೊಳ್ಳಬೇಕು.

ದುಡ್ಡು ಎಷ್ಟು ಬೇಕು ಅಂತ ಎಲ್ಲರೂ ಮೊದಲು ಕೇಳುತ್ತಾರೆ. ದೊಡ್ಡ ಕಪ್‌ಗೆ, ವೇದಿಕೆಗೆ, ಮೈಕ್‌ಸೆಟ್‌ಗೆ, ಪಟಾಕಿಗೆ ಹೋಗುವ ದುಡ್ಡಿನಲ್ಲಿ ಚೆಂಡು, ಸುಣ್ಣ, ನೆಟ್, ರೆಫರಿಗಳ ಗೌರವಧನ, ಬಸ್ ಚಾರ್ಜು, ಒಂದು ಫಸ್ಟ್ ಏಡ್ ಪೆಟ್ಟಿಗೆ ಇಷ್ಟನ್ನು ತೂಗಿಸಬಹುದು. ಇದರಲ್ಲಿ ರೆಫರಿಗಳ ವಿಷಯಕ್ಕೆ ಮಾತ್ರ ಕೈ ಬಿಗಿ ಹಿಡಿಯಬಾರದು. ನಮ್ಮ ಕಾಲೇಜುಗಳ, ಶಾಲೆಗಳ ಪಿಟಿ ಮೇಷ್ಟ್ರುಗಳಲ್ಲಿ ನಿಯಮ ಚೆನ್ನಾಗಿ ಬಲ್ಲವರಿದ್ದಾರೆ. ಅವರನ್ನು ಒಂದು ಕಡೆ ಕೂರಿಸಿ, ರಾಜ್ಯ ಫುಟ್‌ಬಾಲ್ ಸಂಸ್ಥೆಯ ಕಡೆಯಿಂದ ಯಾರನ್ನಾದರೂ ಕರೆಸಿ ಎರಡು ದಿನ ತರಬೇತಿ ಕೊಟ್ಟರೆ ಊರಿಗೆ ಹತ್ತು ರೆಫರಿ ಸಿಗುತ್ತಾರೆ. ತೋರಣಗಲ್ಲಿನ ಹತ್ತಿರ ವಿಜಯನಗರದಲ್ಲಿ 2018ರಿಂದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಇದೆ, ಬೆಂಗಳೂರು ಎಫ್‌ಸಿ ತಂಡವೇ ಸೀಸನ್‌ಗೆ ಮುಂಚಿನ ತಯಾರಿಗೆ ಅಲ್ಲಿಗೆ ಬಂದು ಹೋಗಿದೆ. ಅಲ್ಲಿನ ಕೋಚ್‌ಗಳು ವರ್ಷಕ್ಕೆ ಒಂದೆರಡು ದಿನ ನಮ್ಮ ಲೀಗ್ ಮ್ಯಾಚ್ ನೋಡುವುದಕ್ಕೆ ಬಂದರೂ ಹುಡುಗರಿಗೆ ಅದೊಂದು ದೊಡ್ಡ ವಿಷಯ. ಬರುವವರಿಗೆ ನೋಡುವುದಕ್ಕೆ ಲೀಗ್ ಇರಬೇಕು, ಅಷ್ಟೇ.

ಹುಡುಗಿಯರನ್ನು ಮರೆಯಬಾರದು. ಫುಟ್‌ಬಾಲ್ ಮ್ಯಾನೇಜರ್ 26ರಲ್ಲಿ ಮೊದಲ ಸಲ ಮಹಿಳಾ ತಂಡಗಳನ್ನೂ ಸೇರಿಸಿದ್ದಾರೆ. ನಮ್ಮ ಭಾರತದ ಮಹಿಳಾ ತಂಡ 2025ರ ಜುಲೈನಲ್ಲಿ ಥಾಯ್ಲೆಂಡ್‌ಗೆ ಹೋಗಿ ಅವರನ್ನು ಅವರ ನೆಲದಲ್ಲೇ 2–1ರಿಂದ ಸೋಲಿಸಿ ಏಷ್ಯನ್ ಕಪ್‌ಗೆ ಅರ್ಹತೆ ಗಳಿಸಿತು. ನಮ್ಮ ಗ್ರೌಂಡ್‌ಗೆ ತಮ್ಮನನ್ನು ಕರೆದುಕೊಂಡು ಬಂದು ಪಕ್ಕದಲ್ಲಿ ನಿಂತು ನೋಡುವ ಹುಡುಗಿಯರಲ್ಲಿ ಇಬ್ಬರು ಮೂವರು ನಮ್ಮ ಹುಡುಗರಿಗಿಂತ ಚೆನ್ನಾಗಿ ಚೆಂಡು ತಡೆಯುತ್ತಾರೆ. ಏಳೇಳು ಜನರ ತಂಡ ಮಾಡಿ, ನಾಲ್ಕು ಶಾಲೆ ಸೇರಿ, ಶನಿವಾರ ಬೆಳಿಗ್ಗೆ ಒಂದು ಚಿಕ್ಕ ಲೀಗ್ ನಡೆಸಬಹುದು. ಹೆಡ್‌ಮೇಡಂಗಳು ಮನಸ್ಸು ಮಾಡಿದರೆ ಈ ವರ್ಷವೇ ಆಗುವ ಕೆಲಸ.

ಜಿಲ್ಲೆಯಲ್ಲಿ ಫುಟ್‌ಬಾಲ್ ನೋಡಿಕೊಳ್ಳುವವರು, ಟೂರ್ನಮೆಂಟ್ ನಡೆಸುವ ಗೆಳೆಯರು, ಕಾಲೇಜುಗಳ ಪಿಟಿ ಮೇಷ್ಟ್ರುಗಳು ಒಂದು ಸಂಜೆ ಒಟ್ಟಿಗೆ ಕೂರಲಿ ಅಂತ ಕೇಳಿಕೊಳ್ಳುತ್ತೇನೆ. ಯಾರ ಕಪ್ಪನ್ನೂ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಲೀಗ್ ಮುಗಿದ ಮೇಲೆ ಫೆಬ್ರವರಿಯಲ್ಲಿ ಒಂದು ದೊಡ್ಡ ಕಪ್ ಇರಲಿ, ಆಗ ತಂಡಗಳೂ ಚೆನ್ನಾಗಿ ತಯಾರಾಗಿರುತ್ತವೆ, ಆಟವೂ ಚೆನ್ನಾಗಿರುತ್ತದೆ. ಕೂರುವುದಕ್ಕೆ ಜಾಗ, ಚಹಾ ಖರ್ಚು ನನ್ನದು. 8 ತಂಡದ 14 ವಾರದ ಪಟ್ಟಿಯನ್ನು ನಮ್ಮ ಓವರ್‌ಲಾಕ್ ಹುಡುಗ ಆಗಲೇ ಬರೆದಿಟ್ಟಿದ್ದಾನೆ, ಯಾರಿಗೂ ಸತತ ಮೂರು ಮ್ಯಾಚ್ ಹೊರಗಿನ ಊರಿನಲ್ಲಿ ಬೀಳದ ಹಾಗೆ ಹೊಂದಿಸಿದ್ದಾನೆ, ತಂದು ತೋರಿಸುತ್ತಾನೆ.

ನಿಮ್ಮಲ್ಲೂ ಒಂದು ಬೇಡಿಕೆ ಇದೆ, ಸಂಪಾದಕರೇ. ಲೀಗ್ ಶುರುವಾದರೆ ಸೋಮವಾರದ ಜಿಲ್ಲಾ ಪುಟದಲ್ಲಿ ಅಂಕಪಟ್ಟಿಗೆ ನಾಲ್ಕು ಇಂಚು ಜಾಗ ಕೊಡಿ. ಫೋಟೋ ಬೇಡ, ಅತಿಥಿಗಳ ಹೆಸರು ಬೇಡ. ತಂಡದ ಹೆಸರು, ಆಡಿದ್ದು, ಗೆದ್ದದ್ದು, ಡ್ರಾ, ಸೋತದ್ದು, ಹೊಡೆದ ಗೋಲ್, ಬಿಟ್ಟುಕೊಟ್ಟ ಗೋಲ್, ಅಂಕ. ಎಂಟೇ ಸಾಲು. ಭಾನುವಾರ ರಾತ್ರಿ ಎಂಟು ಗಂಟೆಯೊಳಗೆ ನಿಮ್ಮ ಕಚೇರಿಗೆ ಲೆಕ್ಕ ತಲುಪಿಸುವ ಜವಾಬ್ದಾರಿ ನಮ್ಮದು.

ಇಂತಿ,
ಒಬ್ಬ ಓದುಗ
ಕೌಲ್ ಬಜಾರ್, ಬಳ್ಳಾರಿ